ಫನೆಲ್ಲಿನ ತಳದಲ್ಲಿ ಉಳಿದದ್ದು

೧೯೯೯ನೆಯ ಇಸವಿ. ಕೊಟ್ಟೂರಿನ ಒಂದು ಪದವಿ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ಮುಖ್ಯಸ್ಥ ಎಂದೊಡನೆ ದೊಡ್ಡ ದರ್ಬಾರು ಊಹಿಸಿಕೊಳ್ಳಬೇಡಿ. ಮೂವರು ಅಧ್ಯಾಪಕರು, ಕೊಟ್ರಪ್ಪ ಎಂಬ ಒಬ್ಬ ಅಟೆಂಡರ್, ಮಕ್ಕಳ ಪ್ರಾಕ್ಟಿಕಲ್ಲಿಗೆ ಎರಡು ಲ್ಯಾಬು, ಅಷ್ಟೇ. ಆ ಲ್ಯಾಬುಗಳ ಬೆನ್ನಿಗೆ ಹತ್ತಡಿ ಅಗಲದ ಒಂದು ಕೋಣೆಯಿತ್ತು. ಅದನ್ನು ನಾನು ರಿಸರ್ಚ್ ಲ್ಯಾಬ್ ಎಂದು ಕರೆಯುತ್ತಿದ್ದೆ. ನಮ್ಮ ಪ್ರಿನ್ಸಿಪಾಲರು ‘ನಿಮ್ಮ ಅಡುಗೆಮನೆ’ ಎನ್ನುತ್ತಿದ್ದರು. ಅವರು ಹಾಗೆಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಅಲ್ಲಿ ನಡೆಯುತ್ತಿದ್ದ ಕೆಲಸವನ್ನು ಸ್ವಲ್ಪ ಹೇಳಬೇಕು. ತಾಮ್ರ, ಬೆಳ್ಳಿಯಂಥ ಲೋಹದ ಪರಮಾಣುವನ್ನು ಸುತ್ತಲಿನಿಂದ ಬೇರೆ ಅಣುಗಳು ಬಂದು ಹಿಡಿದುಕೊಳ್ಳುತ್ತವೆ. ಹಾಗೆ ಹಿಡಿಯುವ ಅಣುವಿಗೆ ಲಿಗ್ಯಾಂಡ್ ಎಂದು ಹೆಸರು. ಎರಡೂ ಸೇರಿ ಆದದ್ದಕ್ಕೆ ಕಾಂಪ್ಲೆಕ್ಸ್ ಎಂದು ಹೆಸರು. ನಮ್ಮ ಲಿಗ್ಯಾಂಡಿನಲ್ಲಿ ಎರಡು ಫಾಸ್ಫರಸ್, ಅವುಗಳ ನಡುವೆ ಒಂದು ನೈಟ್ರೋಜನ್. ಫಾಸ್ಫರಸ್ಸುಗಳು ಎರಡು ಕೈಗಳಿದ್ದ ಹಾಗೆ. ಎರಡೂ ಕೈ ಸೇರಿ ಒಂದೇ ತಾಮ್ರವನ್ನು ಹಿಡಿಯುತ್ತವೆಯೋ, ಅಥವಾ ಒಂದೊಂದು ಕೈ ಒಂದೊಂದು ತಾಮ್ರವನ್ನು ಹಿಡಿದು ನಡುವೆ ಸೇತುವೆ ಕಟ್ಟುತ್ತವೆಯೋ, ಇದು ನಮ್ಮ ಪ್ರಶ್ನೆ. ಇದರಿಂದ ಯಾರಿಗೇನು ಲಾಭ ಎಂದು ಆಡಳಿತ ಮಂಡಳಿಯವರು ಕೇಳಿದರೆ ಕಾರ್ಖಾನೆಗಳ ಕ್ಯಾಟಲಿಸ್ಟ್ ಎಂದೆಲ್ಲ ಹೇಳಿ ಪಾರಾಗುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಹರಳು ಕಟ್ಟುವುದನ್ನು ನೋಡುವ ಹುಚ್ಚು.

ಆ ಕೋಣೆಯಲ್ಲಿ ನನ್ನ ಜೊತೆ ದುಡಿಯುತ್ತಿದ್ದವಳು ಮೈಲಮ್ಮ. ಹಡಗಲಿ ತಾಲ್ಲೂಕಿನ ಮಾಗಳದವಳು, ಕುರಿ ಸಾಕುವ ಮನೆಯವಳು. ಆ ಮನೆಯಲ್ಲಿ ಹತ್ತನೆಯ ಇಯತ್ತೆ ದಾಟಿದ ಮೊದಲನೆಯವಳು. ಎಂ.ಎಸ್ಸಿ. ಮುಗಿಸಿ ನಮ್ಮಲ್ಲೇ ಅರೆಕಾಲಿಕ ಉಪನ್ಯಾಸಕಿಯಾಗಿ ಸೇರಿ, ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದಳು. ಆ ವರ್ಷ ವಿಭಾಗದಲ್ಲಿ ಒಂದು ಕಾಯಂ ಹುದ್ದೆ ತುಂಬುವುದಿತ್ತು. ಅದು ಅವಳಿಗೇ ಎಂದು ಎಲ್ಲರೂ ತಿಳಿದಿದ್ದರು.

ನಮ್ಮ ಲಿಗ್ಯಾಂಡು ಗಾಳಿಯ ಸೋಂಕು ತಗಲಿದರೆ ಕೆಡುವಂಥದ್ದು. ಫಾಸ್ಫರಸ್ ಹೋಗಿ ಆಮ್ಲಜನಕವನ್ನು ತಬ್ಬಿಕೊಂಡಿತೆಂದರೆ ಮತ್ತೆ ತಾಮ್ರದ ಕಡೆ ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ಎಲ್ಲ ಕೆಲಸ ನೈಟ್ರೋಜನ್ ಅನಿಲದ ಮುಸುಕಿನಲ್ಲೇ ಆಗಬೇಕು. ಸಿಲಿಂಡರ್ ಹೊಸಪೇಟೆಯಿಂದ ಲಾರಿಯಲ್ಲಿ ಬರಬೇಕು, ಪಂಪ್ ನಡೆಯಲು ಕರೆಂಟ್ ಇರಬೇಕು. ಹದಿನೈದು ದಿನ ಹೆಣಗಿದರೆ ಅಂಗೈಯಲ್ಲಿ ಹಿಡಿಯುವಷ್ಟು ಲಿಗ್ಯಾಂಡ್ ಸಿಗುತ್ತಿತ್ತು. ನನ್ನ ಕೈಯಲ್ಲಿ ಮೂರಕ್ಕೆ ಎರಡು ಸಲ ಕೆಡುತ್ತಿತ್ತು, ಮೈಲಮ್ಮನ ಕೈಯಲ್ಲಿ ಕೆಟ್ಟದ್ದನ್ನು ನಾನು ನೋಡಿರಲಿಲ್ಲ.

ಇಷ್ಟು ಕಷ್ಟಪಟ್ಟು ಬಂದ ವಸ್ತುವಾದ್ದರಿಂದ ನಾನೊಂದು ಪದ್ಧತಿ ಇಟ್ಟಿದ್ದೆ. ಗೋಡೆಯ ಮೇಲೆ ಒಂದು ಕರಿ ಹಲಗೆ. ಹಾಕಿದ ಕಚ್ಚಾ ವಸ್ತುವಿಗೆ ಬರಬೇಕಾದಷ್ಟರಲ್ಲಿ ನೂರಕ್ಕೆ ಎಷ್ಟು ಪಾಲು ಕೈಗೆ ಬಂತು ಎಂದು ಪ್ರತಿ ಶನಿವಾರ ಅದರ ಮೇಲೆ ಬರೆಯಬೇಕು. ಎಂಬತ್ತು ದಾಟಿದರೆ ನಾನು ಎಲ್ಲರಿಗೂ ಚಹಾ ಕುಡಿಸುತ್ತಿದ್ದೆ, ಕಡಿಮೆಯಾದರೆ ಮುಖ ಊದಿಸಿಕೊಂಡು ಓಡಾಡುತ್ತಿದ್ದೆ. ಹೀಗಾಗಿ ಸೋಸುವ ಸಿಂಟರ್ಡ್ ಫನೆಲ್ಲಿನ ತಳಕ್ಕೆ ಅಂಟಿದ ಪುಡಿಯನ್ನು ಚಪ್ಪಟೆ ಚಮಚದಂಥ ಸ್ಟೀಲ್ ಸ್ಪ್ಯಾಚುಲಾದಿಂದ ಕೆರೆದು ತೆಗೆಯುವುದು ನಮ್ಮಲ್ಲಿ ರೂಢಿಯಾಯಿತು. ಆ ಫನೆಲ್ಲಿನ ತಳ ಒತ್ತಿ ಕೂಡಿಸಿದ ಗಾಜಿನ ಪುಡಿಯದು, ಮರಳು ಕಾಗದದಷ್ಟು ಒರಟು. ಬೇರೆ ಕಡೆ ದೊಡ್ಡ ಲ್ಯಾಬುಗಳಲ್ಲಿ ಅಂಟಿದ್ದನ್ನು ಹಾಗೇ ತೊಳೆದು ಬಿಡುತ್ತಾರೆ. ನಾವು ಕೊಟ್ಟೂರಿನವರು, ಬಿಡುತ್ತಿರಲಿಲ್ಲ.

ಇನ್ನೊಂದು ಸಂಗತಿ. ನಮ್ಮ ತಾಮ್ರದ ಕಾಂಪ್ಲೆಕ್ಸ್ ಹರಳುಗಟ್ಟಬೇಕಾದರೆ ಜೊತೆಗೆ ಋಣ ವಿದ್ಯುದಂಶದ ಒಂದು ಅಯಾನು ಇರಬೇಕು. ಅದಕ್ಕೆ ಬೇರೆ ಬೇರೆ ಆಯ್ಕೆಗಳಿವೆ. ನಾನು ಪರ್‌ಕ್ಲೋರೇಟ್ ಆರಿಸಿದ್ದೆ, ಏಕೆಂದರೆ ಅದಿರು ಪರೀಕ್ಷೆಗೆಂದು ತರಿಸಿದ್ದ ಪರ್‌ಕ್ಲೋರಿಕ್ ಆಮ್ಲ ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. ಪರ್‌ಕ್ಲೋರೇಟಿನಲ್ಲಿ ಆಮ್ಲಜನಕ ಹೇರಳ, ಲಿಗ್ಯಾಂಡಿನಲ್ಲಿ ಇಂಗಾಲ ಹೇರಳ. ಉರಿಸುವುದೂ ಉರಿಯುವುದೂ ಒಂದೇ ಹರಳಿನೊಳಗೆ ಮೈಗೆ ಮೈ ತಾಗಿಸಿ ಕೂತಿರುತ್ತವೆ. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಅದು ಸುಳ್ಳು. ಎಂಟು ಸಲ ಮಾಡಿದ್ದೆವು, ಎಂಟು ಸಲವೂ ಏನೂ ಆಗಿರಲಿಲ್ಲ. ಹಾಗಾಗಿ ಗೊತ್ತಿದ್ದದ್ದು ಮನಸ್ಸಿನಲ್ಲಿ ಎಲ್ಲೋ ಮೂಲೆ ಸೇರಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಮರುದಿನ ನಮ್ಮ ಸಹೋದ್ಯೋಗಿಯೊಬ್ಬರು ಬೆಂಗಳೂರಿಗೆ ಹೊರಟಿದ್ದರು. ಪರೀಕ್ಷೆಗೆ ಕಳಿಸಬೇಕಾದ ಎಲ್ಲ ಮಾದರಿಯನ್ನೂ ಅವರ ಕೈಯಲ್ಲೇ ಕೊಟ್ಟು ಕಳಿಸಿಬಿಡೋಣ ಎಂಬ ಅವಸರದಲ್ಲಿ ನಾನು ಮೈಲಮ್ಮನಿಗೆ ಎಂದಿನದಕ್ಕಿಂತ ಹತ್ತು ಪಟ್ಟು ಹೆಚ್ಚು ಮಾಡಲು ಹೇಳಿದ್ದೆ. ಅವಳು ಮಾಡಿದ್ದಳು. ಬಿಳಿ ಪುಡಿ ಫನೆಲ್ಲಿನಲ್ಲಿ ಕೂತಿತ್ತು. ಕರೆಂಟ್ ಇದ್ದದ್ದರಿಂದ ಪಂಪ್ ಹಚ್ಚಿ ಚೆನ್ನಾಗಿ ಒಣಗಿಸಿಯೂ ಆಗಿತ್ತು. ಮೇಲಿನದನ್ನು ಬಾಟಲಿಗೆ ಸುರಿದ ಮೇಲೆ ತಳದಲ್ಲಿ ದಪ್ಪ ಪದರ ಅಂಟಿ ಉಳಿಯಿತು.

“ಸರ್, ತಳಕ್ಕ ಹತ್ತಿದ್ದು ಬಿಟ್ಟುಬಿಡೋಣ್ರಿ,” ಎಂದಳು ಮೈಲಮ್ಮ. “ಈ ಸಲ ಭಾಳ ಐತಿ, ಪೂರಾ ಒಣಗೇತಿ. ಒಣ ಪರ್‌ಕ್ಲೋರೇಟ್ ಕೆರೀಬ್ಯಾಡ್ರಿ ಅಂತ ಪ್ರಬಂಧದಾಗೆಲ್ಲ ಬರೀತಾರಲ್ರಿ.”

ನನಗೆ ಕ್ಲಾಸಿಗೆ ಹೊತ್ತಾಗಿತ್ತು. ಹಾಜರಿ ಪುಸ್ತಕ ಕೈಯಲ್ಲಿತ್ತು.

“ಎಂಟ್ ಸಲ ಕೆರದೀವಿ, ಏನಾಗೇತವ್ವ? ಅಷ್ಟೊಂದು ಅಲ್ಲೇ ಬಿಟ್ರ ಬೋರ್ಡಿನ ಮ್ಯಾಲ ಏನ್ ಬರೀತಿ? ಕೆರಿ,” ಎಂದೆ.

ಕಿಟಕಿಯ ಬಳಿ ಬ್ಯುರೆಟ್ ತೊಳೆಯುತ್ತಿದ್ದ ಕೊಟ್ರಪ್ಪ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಬಗ್ಗಿದ. ನಾನು ಹೊರಟೆ.

ಕ್ಲಾಸಿನಲ್ಲಿ ಹಾಜರಿ ಅರ್ಧ ಮುಗಿದಿತ್ತು. ಟೈರ್ ಒಡೆದ ಹಾಗೆ ಒಂದು ಸದ್ದಾಯಿತು. ರಸ್ತೆಯಲ್ಲಿ ಲಾರಿ ಇರಬೇಕು ಎಂದುಕೊಂಡು ಇನ್ನೆರಡು ಹೆಸರು ಕೂಗಿದೆ. ಆಮೇಲೆ ಕೊಟ್ರಪ್ಪನ ಕೂಗು ಕೇಳಿತು.

ನಾನು ಓಡಿ ಹೋದಾಗ ಅವನು ಮೈಲಮ್ಮನನ್ನು ನೆಲಕ್ಕೆ ಕೂರಿಸಿ, ಕುಡಿಯುವ ನೀರಿನ ಕೊಡದಿಂದ ಅವಳ ಮುಖಕ್ಕೆ ನೀರು ಸುರಿಯುತ್ತಿದ್ದ. ನಲ್ಲಿಯಲ್ಲಿ ಆ ಹೊತ್ತಿಗೆ ನೀರು ಇರಲಿಲ್ಲ. ಫನೆಲ್ಲು ಚೂರು ಚೂರಾಗಿ ಗೋಡೆಗೆಲ್ಲ ನೆಟ್ಟಿತ್ತು. ಬಲಗೈಯ ಎರಡು ಬೆರಳುಗಳ ಗತಿ ನೋಡಿದೊಡನೆ ತಿಳಿಯುತ್ತಿತ್ತು. ಕಣ್ಣುಗಳ ಕಡೆ ನಾನು ನೋಡಲಿಲ್ಲ. ನೋಡುವ ಧೈರ್ಯ ನನಗಿರಲಿಲ್ಲ.

ಊರಿನ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ, ಕೂಡಲೇ ದಾವಣಗೆರೆಗೆ ಒಯ್ಯಿರಿ ಎಂದರು. ಬಸ್ ಸ್ಟ್ಯಾಂಡಿನ ಒಂದು ಬಾಡಿಗೆ ಟ್ರಾಕ್ಸ್ ಜೀಪು ಹಿಡಿದು ಹೊರಟೆವು. ಹರಪನಹಳ್ಳಿ ದಾಟಿತು. ಆಮೇಲೆ ಮೈಲಮ್ಮ ನನ್ನನ್ನು ಕರೆದಳು.

“ಸರ್, ಸಣ್ಣ ಬಾಟಲಿಯೊಳಗ ನಾಕು ಹರಳು ಎತ್ತಿಟ್ಟಿದ್ದೆ. ಅವು ಅದಾವೇನ್ರಿ? ಒಣಗಾಕ ಬಿಡಬ್ಯಾಡ್ರಿ.”

ಇವೆ ಎಂದೆ. ನಿಜವಾಗಿ ನಾನು ನೋಡಿರಲಿಲ್ಲ. ಸಂಜೆ ಫೋನು ಮಾಡಿದಾಗ ಕೊಟ್ರಪ್ಪ ಹುಡುಕಿ, ಕಿಟಕಿಯ ಕಟ್ಟೆಯ ಮೇಲೆ ಅವು ದ್ರಾವಣದಲ್ಲಿ ಮುಳುಗಿ ಸುರಕ್ಷಿತವಾಗಿವೆ ಎಂದು ಹೇಳಿದ.

ಎಡಗಣ್ಣು ಹೋಯಿತು. ಬಲಗಣ್ಣಿಗೆ ಬೆಳಕು ಮತ್ತು ನೆರಳಿನ ವ್ಯತ್ಯಾಸ ಮಾತ್ರ ಉಳಿಯಿತು. ಎರಡು ಬೆರಳನ್ನು ತೆಗೆಯಬೇಕಾಯಿತು. ಆಗ ಮೈಲಮ್ಮನಿಗೆ ಇಪ್ಪತ್ತಾರು ವರ್ಷ.

ವಾರ ಕಳೆದ ಮೇಲೆ ಪ್ರಿನ್ಸಿಪಾಲರು ನನ್ನನ್ನು ಕರೆದರು. ಆಡಳಿತ ಮಂಡಳಿಗೆ ವರದಿ ಹೋಗಬೇಕಿತ್ತು. ಅವರು ಕೆಟ್ಟವರಲ್ಲ, ಹೆದರಿದ್ದರು. “ಹೆಚ್ಚಿಗೆ ಏನೂ ಬರೀಬ್ಯಾಡ್ರಿ. ನೀವು ಕಣ್ಣಾರೆ ಕಂಡದ್ದಷ್ಟ ಬರೀರಿ,” ಎಂದರು. ನನಗೂ ಅದೇ ಬೇಕಾಗಿತ್ತು. ಮೂರು ವಾಕ್ಯ ಬರೆದೆ. ಒಣಗಿದ ಪರ್‌ಕ್ಲೋರೇಟನ್ನು ಲೋಹದ ಸ್ಪ್ಯಾಚುಲಾದಿಂದ ಕೆರೆಯುವಾಗ ಸ್ಫೋಟವಾಯಿತು. ಸಂಶೋಧನಾ ವಿದ್ಯಾರ್ಥಿನಿ ಸುರಕ್ಷಾ ಕನ್ನಡಕ ಧರಿಸಿರಲಿಲ್ಲ. ಆ ಸಮಯದಲ್ಲಿ ನಾನು ತರಗತಿಯಲ್ಲಿದ್ದೆ. ಮೂರೂ ನಿಜ. ಕೆರೆಯಲು ಹೇಳಿದ್ದು ನಾನು ಎಂಬುದು ಅದರಲ್ಲಿ ಇರಲಿಲ್ಲ. ಇಡೀ ವಿಭಾಗಕ್ಕೆ ಇದ್ದದ್ದು ಒಂದೇ ಕನ್ನಡಕ, ಅದು ನನ್ನ ಕಪಾಟಿನಲ್ಲಿ ಬೀಗದೊಳಗಿತ್ತು ಎಂಬುದೂ ಇರಲಿಲ್ಲ. ಮಂಡಳಿಯವರು ಅದನ್ನು ಓದಿ ಅಜಾಗರೂಕತೆ ಎಂಬ ಒಂದು ಪದ ಸೇರಿಸಿ, ಮೈಲಮ್ಮನ ಮನೆಗೆ ಪತ್ರ ಕಳಿಸಿದರು. ಕಾಯಂ ಹುದ್ದೆಗೆ ಬೇರೆಯವರು ಬಂದರು. ಕೊಟ್ರಪ್ಪನನ್ನು ಯಾರೂ ಏನೂ ಕೇಳಲಿಲ್ಲ.

ಜೂನ್ ತಿಂಗಳಲ್ಲಿ ಬೆಂಗಳೂರಿನಿಂದ ಫಲಿತಾಂಶ ಬಂತು. ಆ ನಾಲ್ಕು ಹರಳುಗಳಲ್ಲಿ ಒಂದರ ಮೇಲೆ ಎಕ್ಸ್-ರೇ ಹಾಯಿಸಿ, ಅದರೊಳಗಿನ ಪರಮಾಣುಗಳ ಚಿತ್ರ ಬಿಡಿಸಿ ಕಳಿಸಿದ್ದರು. ಎರಡು ತಾಮ್ರ, ಅವುಗಳನ್ನು ಎರಡು ಕಡೆಯಿಂದ ಬೆಸೆದ ಎರಡು ಲಿಗ್ಯಾಂಡು. ಮೈಲಮ್ಮ ಮೊದಲಿನಿಂದ ಹೇಳುತ್ತಿದ್ದ ಸೇತುವೆ ಇದೇ, ನಾನು ಒಪ್ಪಿರಲಿಲ್ಲ. ಚಿತ್ರ ನೋಡಿ ನನಗೆ ಸಂತೋಷವಾಯಿತು. ಆ ಸಂತೋಷದ ಬಗ್ಗೆ ಇಂದಿಗೂ ನಾಚಿಕೆಯಾಗುತ್ತದೆ.

ಆ ಚಿತ್ರ ಹಿಡಿದುಕೊಂಡು ಹಡಗಲಿಗೆ ಹೋಗಿ, ಅಲ್ಲಿಂದ ಬಸ್ ಬದಲಿಸಿ ಮಾಗಳಕ್ಕೆ ಹೋದೆ. ಮೈಲಮ್ಮನ ತಂದೆ ನಿಂಗಪ್ಪ ಕಂಬಳಿ ಹಾಸಿ ಕೂರಿಸಿದರು. ಮೈಲಮ್ಮ ಗೋಡೆಗೆ ಒರಗಿ ಕೂತಿದ್ದಳು. ನಾನು ಚಿತ್ರವನ್ನು ಬಾಯಲ್ಲಿ ಹೇಳತೊಡಗಿದೆ. ಅವಳು ಒಂದೊಂದೇ ಕೇಳಿದಳು. ತಾಮ್ರದಿಂದ ಫಾಸ್ಫರಸ್‌ಗೆ ಎಷ್ಟು ದೂರ? ನೈಟ್ರೋಜನ್ ಬಳಿ ಕೋನ ಎಷ್ಟು? ನೈಟ್ರೋಜನ್ ಮೇಲಿನ ಹೈಡ್ರೋಜನ್ ಪರ್‌ಕ್ಲೋರೇಟಿನ ಆಮ್ಲಜನಕದ ಕಡೆ ಮುಖ ಮಾಡಿದೆಯೇ? ಹೌದು, ಮಾಡಿತ್ತು. “ಹಂಗಾರ ಉರಿಯೋದು, ಉರಿಸೋದು ಎರಡೂ ಅಷ್ಟು ಹತ್ರ ಇದ್ದುವು ಅನ್ರಿ,” ಎಂದಳು.

ನಿಂಗಪ್ಪ ಇದೆಲ್ಲ ಮುಗಿಯುವ ತನಕ ಕಾದು, ನನ್ನೆದುರು ಕೈ ಜೋಡಿಸಿದರು.

“ಮಾಸ್ತರ, ನಮ್ಮ ಹುಡುಗಿ ಕೈಲೆ ತಪ್ಪಾತ್ರಿ. ಕಾಗದ ಓದಿಸಿ ಕೇಳಿದೆ. ನಿಮಗ, ನಿಮ್ಮ ಕಾಲೇಜಿಗೆ ಕೆಟ್ಟ ಹೆಸರು ತಂದ್ಲು. ಹೊಟ್ಟ್ಯಾಗ ಹಾಕ್ಕೋರಿ.” ಒಳಬಾಗಿಲಲ್ಲಿ ಮೈಲಮ್ಮನ ತಂಗಿ ಗಂಗಮ್ಮ ನಿಂತಿದ್ದಳು. ಹಡಗಲಿಯಲ್ಲಿ ಪಿಯುಸಿ ಸೈನ್ಸ್ ಮೊದಲ ವರ್ಷ ಮುಗಿಸಿದ್ದಳು. ಅವಳ ಕಡೆ ಕೈ ತೋರಿಸಿ ನಿಂಗಪ್ಪ ಹೇಳಿದರು: “ಸಣ್ಣಾಕಿನ್ನ ಇನ್ನ ಕಳಸಂಗಿಲ್ರಿ. ಎಚ್ಚರ ಇಲ್ಲದ ಮಂದಿಗೆ ಆ ಇದ್ಯಾ ಬ್ಯಾಡ.”

ಮೈಲಮ್ಮ ನನ್ನ ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿ ಕಾದಳು. ಗಂಗಮ್ಮನೂ ನನ್ನನ್ನೇ ನೋಡುತ್ತಿದ್ದಳು. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು.

“ಇರಲಿ ಬಿಡ್ರಿ ನಿಂಗಪ್ಪ. ಆಗಿದ್ದು ಆಗೇತಿ,” ಎಂದೆ. ಅವರು ಅದನ್ನು ಕ್ಷಮೆ ಎಂದು ತಿಳಿದು ಮತ್ತೊಮ್ಮೆ ಕೈ ಮುಗಿದರು.

ನಾನು ಹೊರಡುವಾಗ ಮೈಲಮ್ಮ ಬಾಗಿಲ ತನಕ ಗೋಡೆ ಹಿಡಿದು ಬಂದಳು. “ಸರ್, ಕೋನ ಹೇಳಿದ್ರಿ, ದೂರ ಹೇಳಿದ್ರಿ. ಅದೊಂದನ್ನ ಯಾಕ ಹೇಳಲಿಲ್ರಿ?” ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಹೇಳುತ್ತೇನೆ ಎಂದು ಬಸ್ಸು ಹತ್ತಿದೆ.

ಹೇಳಲಿಲ್ಲ. ಪ್ರಬಂಧ ಬರೆಯುವುದರಲ್ಲಿ ಮುಳುಗಿದೆ. ಅವಳ ಹೆಸರನ್ನೇ ಮೊದಲು ಹಾಕಿ, ದೊಡ್ಡ ಉಪಕಾರ ಮಾಡಿದೆ ಎಂದುಕೊಂಡೆ. ಡಿಸೆಂಬರಿನಲ್ಲಿ ಅಚ್ಚಿನ ಪ್ರೂಫ್ ಬಂತು. ತಿದ್ದುತ್ತಾ ಕೂತಾಗ, ತಯಾರಿಕೆಯ ವಿಧಾನದ ಕೆಳಗೆ ನಾನೇ ಬರೆದ ಸಾಲು ಕಣ್ಣಿಗೆ ಬಿತ್ತು: ಎಚ್ಚರಿಕೆ, ಪರ್‌ಕ್ಲೋರೇಟ್ ಲವಣಗಳು ಸ್ಫೋಟಿಸಬಹುದು, ಸ್ವಲ್ಪ ಪ್ರಮಾಣದಲ್ಲಿ ಮಾತ್ರ ತಯಾರಿಸಿ ಜೋಪಾನವಾಗಿ ಬಳಸಬೇಕು. ಇಂಥ ಪ್ರಬಂಧಗಳಲ್ಲೆಲ್ಲ ಈ ಸಾಲು ಇರುತ್ತದೆ. ಬೇರೆಯವರು ಬರೆದದ್ದನ್ನು ನಾನು ಓದದೆ ದಾಟಿದ್ದೆ. ಈಗ ಬೇರೆಯವರು ಓದಲಿ ಎಂದು ನಾನೇ ಬರೆದಿದ್ದೆ, ನಮ್ಮಲ್ಲಿ ಏನೂ ನಡೆದೇ ಇಲ್ಲವೆಂಬಂತೆ.

ಕೊಟ್ರಪ್ಪ ಚಹಾ ತಂದಿಟ್ಟ. ಎಂದೂ ನಿಲ್ಲದವನು ಅಲ್ಲೇ ನಿಂತ.

“ಸರ್, ಬೈಬ್ಯಾಡ್ರಿ. ಅವತ್ತು ಆ ಅಕ್ಕಾರು ಬ್ಯಾಡ ಅಂದದ್ದು, ನೀವು ಕೆರಿ ಅಂದದ್ದು ಎರಡೂ ನನ್ನ ಕಿವಿಗೆ ಬಿದ್ದಾವ್ರಿ. ಯಾರರ ಕೇಳ್ತಾರ ಅಂತ ಕಾದೆ. ಒಬ್ರೂ ಕೇಳಲಿಲ್ಲ. ನನಗ ಉಣ್ಣಾಕ ಕುಂತ್ರೂ ಅದ ನೆನಪಾಕ್ಕತಿ.”

ಅವನ ಮೇಲೆ ಸಿಟ್ಟು ಬಂತು. ಆ ಸಿಟ್ಟು ನನ್ನ ಮೇಲಿನದು ಎಂದು ತಿಳಿಯಲು ಚಹಾ ಆರುವಷ್ಟು ಹೊತ್ತು ಹಿಡಿಯಿತು. ಮರುದಿನ ಬೆಳಿಗ್ಗೆ ಮೈಲಮ್ಮನ ಲ್ಯಾಬ್ ನೋಟ್‌ಬುಕ್ ತೆಗೆದುಕೊಂಡು ಮಾಗಳದ ಬಸ್ಸು ಹಿಡಿದೆ.

ನಿಂಗಪ್ಪ ಮತ್ತೆ ಕಂಬಳಿ ಹಾಸಿದರು. ನಾನು ಕೂರಲಿಲ್ಲ.

“ನಿಂಗಪ್ಪ, ನಿಮ್ಮ ಮಗಳದು ಏನೂ ತಪ್ಪಿಲ್ರಿ. ಆಕಿ ಬ್ಯಾಡ ಅಂದ್ಲು. ನಾನ ಕೆರಿ ಅಂದೆ. ಕಣ್ಣಿಗೆ ಹಾಕ್ಕೊಳ್ಳೋ ಕನ್ನಡಕ ನನ್ನ ಕಪಾಟಿನ್ಯಾಗ ಕೀಲಿ ಹಾಕಿ ಇಟ್ಟಿದ್ದೆ.”

ಅವರು ಬೈಯುತ್ತಾರೆ, ಕೈ ಮಾಡಿದರೂ ಮಾಡಬಹುದು ಎಂದು ಸಿದ್ಧನಾಗಿಯೇ ಹೋಗಿದ್ದೆ. ನಿಂಗಪ್ಪ ನನ್ನ ಕಡೆ ನೋಡಲೇ ಇಲ್ಲ. ಮಗಳ ಪಕ್ಕ ಹೋಗಿ ಕುಳಿತರು.

“ಹಂಗಾರ ಇಷ್ಟು ದಿನ ನಾ ಈಕೀನ ಬೈದೆನಲ್ಲ,” ಎಂದರು. ಮತ್ತೆ ಹೇಳಿದರು. “ಸಣ್ಣಾಕಿ ಮದಿವಿ ಮಾಡಿ ಕೊಟ್ಟೆನ್ರಿ, ಹೋದ ತಿಂಗಳ. ಓದತೀನಿ ಅಂತ ಭಾಳ ಅತ್ಲು. ಹೋಗೋ ಮುಂದ ಅಕ್ಕನ ಮುಂದ ನಿಂತು, ನಿನ್ನ ಸಲುವಾಗಿ ನನ್ನ ಬಾಳೇ ಹಾಳಾತು ಅಂದು ಹೋದ್ಲು. ಈಕಿ ಒಂದ ಮಾತು ತಿರುಗಿ ಆಡಲಿಲ್ಲ.”

ಯಾಕೆ ಹೇಳಲಿಲ್ಲ ಎಂದು ಮೈಲಮ್ಮನನ್ನು ಕೇಳಿದೆ. ಹಾಗೆ ಕೇಳುವ ಹಕ್ಕು ನನಗಿರಲಿಲ್ಲ, ಆದರೂ ಕೇಳಿದೆ.

“ಹೇಳಿದ್ದೆನ್ರಿ. ದಾವಣಗೇರಿಯಿಂದ ಬಂದ ದಿನಾನ ಹೇಳಿದ್ದೆ. ಮಾಸ್ತರ ಬರದ ಕಾಗದ ಸುಳ್ಳೇನು ಅಂದ್ರು ಅಪ್ಪ,” ಎಂದಳು.

ನಾನು ನೋಟ್‌ಬುಕ್ ಬಿಚ್ಚಿ ಆ ದಿನದ ಪುಟ ತೆಗೆದೆ. ಅವಳ ದುಂಡನೆಯ ಅಕ್ಷರ ಪುಟದ ನಡುವಿಗೆ ನಿಂತುಹೋಗಿತ್ತು. ಅದರ ಕೆಳಗೆ ನಡೆದದ್ದನ್ನೆಲ್ಲ ಬರೆದು, ಇಬ್ಬರಿಗೂ ಕೇಳುವಂತೆ ಓದಿ ಸಹಿ ಮಾಡಿದೆ. ಯಾವ ತಾರೀಖು ಹಾಕಿದಿರಿ ಎಂದು ಮೈಲಮ್ಮ ಕೇಳಿದಳು. ಇವತ್ತಿನದು ಎಂದೆ. “ಹಂಗ ಇರಲ್ರಿ. ಎಷ್ಟು ದಿನಕ್ಕ ಬರದ್ರಿ ಅಂತ ಗೊತ್ತಾಗಬೇಕು,” ಎಂದಳು.

ಆಡಳಿತ ಮಂಡಳಿಗೆ ಹೊಸ ಹೇಳಿಕೆ ಕೊಟ್ಟೆ. ಫೈಲು ಮುಗಿದಿದೆ, ಹುದ್ದೆ ತುಂಬಿದೆ ಎಂದು ಉತ್ತರ ಬಂತು. ನನ್ನ ಮೇಲೆ ಯಾವ ಕ್ರಮವನ್ನೂ ಯಾರೂ ಕೈಗೊಳ್ಳಲಿಲ್ಲ. ಪ್ರೂಫಿನಲ್ಲಿ ಆ ಎಚ್ಚರಿಕೆಯ ಸಾಲಿನ ಮುಂದೆ, ನಮ್ಮಲ್ಲಿ ಸ್ಫೋಟವಾಗಿದೆ, ಮಾರ್ಗದರ್ಶಕನ ಆದೇಶದಂತೆ ಕೆರೆಯುವಾಗ ಮೊದಲ ಲೇಖಕಿ ದೃಷ್ಟಿ ಕಳೆದುಕೊಂಡಿದ್ದಾರೆ ಎಂದು ಸೇರಿಸಿ ಕಳಿಸಿದೆ. ಅಚ್ಚಾಗಿ ಬಂದಾಗ ಸ್ಫೋಟ ಉಳಿದಿತ್ತು, ಮಾರ್ಗದರ್ಶಕನನ್ನು ಸಂಪಾದಕರು ತೆಗೆದುಹಾಕಿದ್ದರು. ಪರ್‌ಕ್ಲೋರಿಕ್ ಆಮ್ಲವನ್ನು ಕಾಲೇಜಿನಿಂದಲೇ ಹೊರಗೆ ಕಳಿಸಿದೆ. ನಿವೃತ್ತನಾಗುವ ತನಕ, ಮಕ್ಕಳ ನೋಟ್‌ಬುಕ್ಕಿನಲ್ಲಿ ‘ಮಾಡಲು ಹೇಳಿದವರು’ ಎಂದು ಒಂದು ಗೆರೆ ಹಾಕಿಸಿ, ಅದರ ಎದುರು ಆ ದಿನವೇ ಸಹಿ ಹಾಕುತ್ತಿದ್ದೆ. ಹುಡುಗರು ಇದನ್ನು ಮುದುಕನ ಚಾಳಿ ಎಂದು ನಗುತ್ತಿದ್ದರು.

ಗಂಗಮ್ಮನಿಗೂ ನಾನೇ ಹೇಳಬೇಕೆಂದು ಹಲವಾಗಲಿಗೆ ಹೋದೆ. ಅದು ಅವಳನ್ನು ಕೊಟ್ಟ ಊರು. ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದು, ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದಳು.

“ಜೂನಿನ್ಯಾಗ ನೀವು ನಮ್ಮ ಮನ್ಯಾಗ ಕುಂತಾಗ ಇದು ನಿಮಗ ಗೊತ್ತಿತ್ತೇನ್ರಿ?” ಎಂದಳು.

ಗೊತ್ತಿತ್ತು ಎಂದೆ. ಅವಳು ತಲೆಯಾಡಿಸಿ ಒಳಗೆ ಹೋದಳು.

ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇದಿಷ್ಟೇ. ಲ್ಯಾಬಿನಲ್ಲಿ ತಪ್ಪು ಎಲ್ಲರಿಂದಲೂ ಆಗುತ್ತದೆ. ಅದು ತನ್ನದೆಂದು ಹೇಳಬೇಕಾದವನು ಆ ದಿನವೇ ಹೇಳದಿದ್ದರೆ, ಅದರ ಬೆಲೆಯನ್ನು ಬೇರೆ ಯಾರೋ ತಮ್ಮ ಬದುಕಿನಿಂದ ತೆರುತ್ತಾರೆ. ಮೈಲಮ್ಮನ ಕಣ್ಣು ಹೋದದ್ದು ನನ್ನ ಅವಸರದಿಂದ. ಗಂಗಮ್ಮನ ಓದು ಹೋದದ್ದು ನನ್ನ ಮೌನದಿಂದ, ಮತ್ತು ಅದನ್ನು ಅಪಘಾತ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.